ಗೊಬ್ಬರದ ನೀರಿನ ಹದ

ಸಾರಿಗೆ ಉಪ್ಪು ಹಾಕುವ ಗೃಹಿಣಿಗೆ ತಕ್ಕಡಿ ಬೇಕಾಗುವುದಿಲ್ಲ. ಸೌಟಿನಿಂದ ಅಂಗೈಗೆ ಎರಡು ತೊಟ್ಟು ಬಿಟ್ಟುಕೊಂಡು ನಾಲಗೆಗೆ ತಾಕಿಸಿದರೆ ಮುಗಿಯಿತು. ಹೆಚ್ಚೋ ಕಡಿಮೆಯೋ ಆಗಲೇ ತಿಳಿಯುತ್ತದೆ. ಗಿಡಕ್ಕೆ ಗೊಬ್ಬರದ ನೀರನ್ನು ಉಣಿಸುವ ರೈತನಿಗೆ ಈ ಅನುಕೂಲವಿಲ್ಲ. ಕರಗಿದ ಗೊಬ್ಬರ ಕಣ್ಣಿಗೆ ಕಾಣುವುದಿಲ್ಲ. ನೀರಿಗೆ ನೀಲಿಯೋ ಹಸಿರೋ ಬಣ್ಣ ಬಂದಿದ್ದರೆ ಅದು ತಯಾರಕರು ಬೆರೆಸಿದ ಬಣ್ಣವೇ ಹೊರತು ಬಲದ ಗುರುತಲ್ಲ. ನಾಲಗೆಯ ಮೇಲೆ ಇಡತಕ್ಕ ಪದಾರ್ಥವೂ ಅದಲ್ಲ. ಗಿಡವಂತೂ ಬಾಯಿಬಿಟ್ಟು ಹೇಳದು. ಎಲೆಯ ಅಂಚು ಸುಟ್ಟಂತೆ ಕಂದಿದ ಮೇಲೆ ಅದು ಹೇಳಿತೆಂದೇ ಇಟ್ಟುಕೊಳ್ಳಿ, ಆ ಹೊತ್ತಿಗೆ ಬೇರಿಗೆ ಆಗಬೇಕಾದ ಕೇಡು ಆಗಿಹೋಗಿರುತ್ತದೆ.

ಹಿಂದೆ ಈ ಪ್ರಶ್ನೆ ಇಷ್ಟು ನಾಜೂಕಿನದಾಗಿರಲಿಲ್ಲ. ತಿಪ್ಪೆಯ ಗೊಬ್ಬರವನ್ನು ಗಾಡಿಯಲ್ಲಿ ಹೊಡೆದು ಹೊಲಕ್ಕೆ ಎರಚುತ್ತಿದ್ದೆವು. ಅದು ಕೊಳೆತು ಕರಗಿ ಬೇರಿಗೆ ಸೇರುವುದಕ್ಕೆ ತಿಂಗಳುಗಳು ಹಿಡಿಯುತ್ತಿದ್ದವು. ನಡುವೆ ಮಣ್ಣೆಂಬ ದೊಡ್ಡ ಕಣಜವಿತ್ತು. ಹೆಚ್ಚಾದದ್ದನ್ನು ಅದು ಹಿಡಿದಿಟ್ಟುಕೊಂಡು ಬೇಕಾದಾಗ ಬೇಕಾದಷ್ಟು ಬಿಟ್ಟುಕೊಡುತ್ತಿತ್ತು. ಈಗ ಹನಿ ನೀರಾವರಿಯ ಕೊಳವೆಯಲ್ಲಿ ನೀರಿನೊಂದಿಗೇ ಗೊಬ್ಬರವನ್ನೂ ಹರಿಸುತ್ತೇವೆ. ಇದಕ್ಕೆ ರಸಾವರಿ ಎಂಬ ಒಳ್ಳೆಯ ಹೆಸರನ್ನೂ ಕೊಟ್ಟಿದ್ದೇವೆ. ಹಸಿರುಮನೆಗಳಲ್ಲಿ ಮಣ್ಣನ್ನೇ ಬಿಟ್ಟು ತೆಂಗಿನ ನಾರಿನ ಪುಡಿಯಲ್ಲಿ ಗಿಡ ಬೆಳೆಸುವವರಿದ್ದಾರೆ. ಇಲ್ಲಿ ಕಣಜವಿಲ್ಲ. ಬೆಳಿಗ್ಗೆ ಮಾಡಿದ ತಪ್ಪು ಮಧ್ಯಾಹ್ನದೊಳಗೆ ಬೇರನ್ನು ಮುಟ್ಟುತ್ತದೆ.

ಮಾತು ಬರಿಯ ಮಾತಾಗದಿರಲೆಂದು ಒಂದೇ ಬೆಳೆಯನ್ನು ಹಿಡಿದು ಹೇಳುತ್ತೇನೆ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಟೊಮೆಟೊ ಬೆಳೆಯದ ಊರು ಕಡಿಮೆ. ಅಲ್ಲಿಯ ಸಸಿಮನೆಗಳಲ್ಲಿ 98 ಗುಳಿಗಳ ಪ್ಲಾಸ್ಟಿಕ್ ಟ್ರೇಗಳಲ್ಲಿ ಬೀಜ ಊರಿ, ಇಪ್ಪತ್ತೈದು ದಿನಗಳ ಸುಮಾರಿಗೆ ರೈತರಿಗೆ ಸಸಿ ಮಾರುತ್ತಾರೆ. ನೂರು ಟ್ರೇ ಎಂದರೆ 9800 ಸಸಿ. ಒಂದೊಂದು ಗುಳಿಯಲ್ಲಿ ಹಿಡಿಯುವುದು ಒಂದೆರಡು ದೊಡ್ಡ ಚಮಚದಷ್ಟು ನಾರಿನ ಪುಡಿ ಮಾತ್ರ. ಆ ಪುಟ್ಟ ಗುಳಿಗೆ ಹೆಚ್ಚು ಬಲದ ನೀರು ಬಿದ್ದರೆ ಅದನ್ನು ಹಂಚಿಕೊಳ್ಳಲು ಪಕ್ಕದಲ್ಲಿ ಬೇರೆ ಮಣ್ಣಿಲ್ಲ. ಸಸಿ ಅಲ್ಲಿಯೇ ಸತ್ತರೆ ನಷ್ಟ ಸಸಿಮನೆಯವನದು. ಸಾಯದೆ ಬೇರು ಮಾತ್ರ ಕಂದಿ ಉಳಿದರೆ ನಷ್ಟ ಅದನ್ನು ಕೊಂಡವನದು. ಸಾಲ ತಂದು ಮಲ್ಚಿಂಗ್ ಹಾಳೆ ಹಾಸಿ ಕೋಲು ನೆಟ್ಟು ಕಾದಿರುವ ಆ ಮನುಷ್ಯನಿಗೆ, ತನ್ನ ಹೊಲದ ಗಿಡ ಯಾಕೆ ಏಳಲಿಲ್ಲವೆಂಬುದು ಕೊನೆಗೂ ತಿಳಿಯುವುದಿಲ್ಲ.

ಹೆಚ್ಚು ಗೊಬ್ಬರ ಬೇರನ್ನು ಸುಡುತ್ತದೆ ಎನ್ನುತ್ತೇವಲ್ಲ, ಇದು ಹೇಗೆ? ಮಾವಿನಕಾಯಿಯ ಹೋಳಿಗೆ ಉಪ್ಪು ಬೆರೆಸಿ ಜಾಡಿಯಲ್ಲಿಟ್ಟರೆ ಮರುದಿನ ಜಾಡಿಯ ತಳದಲ್ಲಿ ನೀರು ನಿಂತಿರುತ್ತದೆ, ಹೋಳು ಮುದುಡಿರುತ್ತದೆ. ಹೊರಗಿನ ಉಪ್ಪು ಹೋಳಿನ ಒಳಗಿನ ನೀರನ್ನು ಎಳೆದುಕೊಂಡಿತು. ಬೇರು ನೀರನ್ನು ಕುಡಿಯುವುದೂ ಇದೇ ನಿಯಮದ ಮೇಲೆ: ಒಳಗಿನ ರಸ ಹೊರಗಿನ ನೀರಿಗಿಂತ ಗಟ್ಟಿಯಾಗಿರುವವರೆಗೂ ನೀರು ಒಳಕ್ಕೆ ಬರುತ್ತದೆ. ಹೊರಗಿನ ನೀರು ಗಟ್ಟಿಯಾಗುತ್ತ ಹೋದಂತೆ ಬೇರಿಗೆ ಸೇದುವ ಶ್ರಮ ಹೆಚ್ಚು. ಕೊನೆಗೆ ಕಾಲಬುಡದಲ್ಲಿ ನೀರು ನಿಂತಿದ್ದರೂ ಗಿಡ ಬಾಯಾರಿ ಬಾಡುತ್ತದೆ. ಗೊಬ್ಬರವೂ ಉಪ್ಪೇ ಎಂಬುದನ್ನು ನಾವು ಮರೆಯುತ್ತೇವೆ. ಪೊಟ್ಯಾಷಿಯಂ ನೈಟ್ರೇಟ್ ಉಪ್ಪು, ಕ್ಯಾಲ್ಸಿಯಂ ನೈಟ್ರೇಟ್ ಉಪ್ಪು, ಅಮೋನಿಯಂ ಸಲ್ಫೇಟೂ ಉಪ್ಪು. ಊಟವಾಗಲಿ ಎಂದು ಹಾಕಿದರೂ ಬೇರಿನ ಪಾಲಿಗೆ ಅವು ಮೊದಲು ಉಪ್ಪು, ಆಮೇಲೆ ಊಟ.

ಹಾಗಾದರೆ ಆ ಉಪ್ಪನ್ನು ಅಳೆಯುವುದು ಹೇಗೆ? ಅಪ್ಪಟ ಭಟ್ಟಿಯ ನೀರಿನಲ್ಲಿ ವಿದ್ಯುತ್ತು ಹರಿಯುವುದಿಲ್ಲವೆಂದೇ ಹೇಳಬಹುದು. ಉಪ್ಪು ಬಿದ್ದೊಡನೆ ಹರಿಯುತ್ತದೆ. ಉಪ್ಪು ನೀರಿನಲ್ಲಿ ಕರಗುವಾಗ ವಿದ್ಯುದಂಶವುಳ್ಳ ಕಣಗಳಾಗಿ ಒಡೆಯುವುದೇ ಇದಕ್ಕೆ ಕಾರಣ. ಸ್ವೀಡನ್ನಿನ ಸ್ವಾಂಟೆ ಅರೇನಿಯಸ್ 1884ರಲ್ಲಿ ತನ್ನ ಪ್ರೌಢಪ್ರಬಂಧದಲ್ಲಿ ಈ ವಿಚಾರವನ್ನು ಎತ್ತಿದಾಗ ಅವನ ಗುರುಗಳು ಅದನ್ನು ಅಷ್ಟಾಗಿ ಮೆಚ್ಚಲಿಲ್ಲ. 1903ರಲ್ಲಿ ಅದೇ ವಿಚಾರಕ್ಕೆ ನೊಬೆಲ್ ಬಹುಮಾನ ಬಂತು. ನೀರಿನಲ್ಲಿ ಕಣಗಳು ಹೆಚ್ಚಿದಷ್ಟೂ ವಿದ್ಯುತ್ತು ಸುಲಭವಾಗಿ ಹರಿಯುತ್ತದೆ. ಈ ಸುಲಭತೆಗೆ ವಿದ್ಯುತ್ ವಾಹಕತೆ ಎಂದು ಹೆಸರು. ಅಂಗಡಿಯವರು ಇ.ಸಿ. ಎನ್ನುತ್ತಾರೆ, ನಾವೂ ಹಾಗೆಯೇ ಕರೆಯೋಣ. ಜೇಬಿನಲ್ಲಿ ಪೆನ್ನಿನಂತೆ ಇಟ್ಟುಕೊಳ್ಳಬಹುದಾದ ಇ.ಸಿ. ಮೀಟರು ಇಂದು ಸಿಗುತ್ತದೆ. ತುದಿಯನ್ನು ನೀರಿನಲ್ಲಿ ಅದ್ದಿದರೆ ಅಂಕಿ ಮೂಡುತ್ತದೆ.

ಆ ಅಂಕಿಯ ಮಾನ ಮೀಟರಿಗೆ ಇಷ್ಟು ಡೆಸಿ ಸೀಮೆನ್ಸ್ ಎಂದು. ಕೆಲವು ಮೀಟರುಗಳಲ್ಲಿ ಸೆಂಟಿಮೀಟರಿಗೆ ಮಿಲಿ ಸೀಮೆನ್ಸ್ ಎಂದಿರುತ್ತದೆ. ಎರಡೂ ಒಂದೇ, ಗಾಬರಿ ಬೇಡ. ಮೈಕ್ರೋ ಸೀಮೆನ್ಸ್ ಎಂದಿದ್ದರೆ ಸಾವಿರದಿಂದ ಭಾಗಿಸಿಕೊಳ್ಳಿ. ನಿಜವಾಗಿ ಗಾಬರಿಪಡಬೇಕಾದದ್ದು ಪಿ.ಪಿ.ಎಂ. ತೋರಿಸುವ ಮೀಟರುಗಳ ವಿಷಯದಲ್ಲಿ. ಅವು ಅಳೆಯುವುದೂ ವಾಹಕತೆಯನ್ನೇ. ಬಂದ ಅಂಕಿಯನ್ನು ಒಳಗೊಳಗೇ ಒಂದು ಸಂಖ್ಯೆಯಿಂದ ಗುಣಿಸಿ ಪಿ.ಪಿ.ಎಂ. ಎಂದು ತೋರಿಸುತ್ತವೆ. ಒಬ್ಬ ತಯಾರಕ 500ರಿಂದ ಗುಣಿಸುತ್ತಾನೆ, ಇನ್ನೊಬ್ಬ 640ರಿಂದ, ಮತ್ತೊಬ್ಬ 700ರಿಂದ. ಗೊಬ್ಬರದ ಪಟ್ಟಿಯಲ್ಲಿ 1000 ಪಿ.ಪಿ.ಎಂ. ಎಂದು ಬರೆದಿದ್ದರೆ ಒಂದು ಮೀಟರಿನ ಲೆಕ್ಕದಲ್ಲಿ ಅದು 2.0, ಇನ್ನೊಂದರ ಲೆಕ್ಕದಲ್ಲಿ 1.4 ಆಗುತ್ತದೆ. ಎಳೆಯ ಸಸಿಗೆ ಈ ವ್ಯತ್ಯಾಸ ಸಣ್ಣದಲ್ಲ. ಆದುದರಿಂದ ಮೀಟರು ಕೊಳ್ಳುವಾಗ ಇ.ಸಿ. ತೋರಿಸುವುದನ್ನೇ ಕೇಳಿ ಕೊಳ್ಳಿ, ಪಿ.ಪಿ.ಎಂ. ಪಟ್ಟಿ ಕೈಗೆ ಬಂದರೆ ಯಾವ ಗುಣಕದಿಂದ ಮಾಡಿದ್ದೆಂದು ತಿಳಿಯುವವರೆಗೂ ಅದನ್ನು ನಂಬಬೇಡಿ.

ಮೀಟರು ಬಂತು. ಮೊದಲು ಅಳೆಯಬೇಕಾದದ್ದು ಯಾವುದನ್ನು? ಗೊಬ್ಬರದ ನೀರನ್ನಲ್ಲ, ಬರಿಯ ನೀರನ್ನು. ಬಯಲುಸೀಮೆಯ ಆಳದ ಕೊಳವೆಬಾವಿಗಳಲ್ಲಿ ನೀರು ಬರುವಾಗಲೇ ಉಪ್ಪನ್ನು ಹೊತ್ತು ಬರುತ್ತದೆ. ನೀರಾವರಿಗೆ 0.7ರ ಒಳಗಿನ ನೀರು ನಿಶ್ಚಿಂತೆಯದು, 3.0 ದಾಟಿದ್ದು ಬಹಳ ಎಚ್ಚರಿಕೆಯದು ಎಂಬುದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಎಣಿಕೆ. ನಿಮ್ಮ ಬಾವಿಯ ನೀರು 0.9 ಇದೆಯೆನ್ನಿ. ಹೊಲಕ್ಕೆ ಹರಿಸಲು ಅದು ಪರವಾಗಿಲ್ಲ. ಆದರೆ ಟ್ರೇಯಲ್ಲಿರುವ ಎಳೆಯ ಸಸಿಗೆ ಒಟ್ಟು 1.0ರಿಂದ 1.2ರವರೆಗೆ ಸಾಕೆಂದಾದರೆ, ಊಟಕ್ಕೆ ಉಳಿದ ಜಾಗ 0.3 ಮಾತ್ರ. ತಟ್ಟೆಯ ಮುಕ್ಕಾಲು ಪಾಲನ್ನು ಬಾವಿಯ ಸೋಡಿಯಂ, ಕ್ಲೋರೈಡು, ಸುಣ್ಣಗಳೇ ತುಂಬಿಬಿಟ್ಟಿವೆ. ಅನ್ನ ಬಡಿಸಲು ಎಡೆಯಿಲ್ಲ. ಪಟ್ಟಿಯಲ್ಲಿ ಬರೆದಿದೆ ಎಂದು ಮಾಮೂಲಿ ಗೊಬ್ಬರ ಹಾಕಿದರೆ ಒಟ್ಟು ಎರಡನ್ನು ಮುಟ್ಟುತ್ತದೆ. ಅಂಗಡಿಯವರು ಕೊಡುವ ಅಚ್ಚಿನ ಪಟ್ಟಿಗಳ ದೊಡ್ಡ ದೋಷವೇ ಇದು. ಅವು ಲೀಟರಿಗೆ ಇಷ್ಟು ಗ್ರಾಂ ಎಂದು ಹೇಳುತ್ತವೆ; ಆ ಲೀಟರಿನಲ್ಲಿ ಮೊದಲೇ ಏನಿದೆ ಎಂದು ಕೇಳುವುದಿಲ್ಲ.

ಬಾವಿಯ ನೀರೂ ವರ್ಷವಿಡೀ ಒಂದೇ ತೆರನಾಗಿರುವುದಿಲ್ಲ. ಬೇಸಗೆಯಲ್ಲಿ ಮಟ್ಟ ಇಳಿದಾಗ ಉಪ್ಪು ಏರುವುದು ಸಾಮಾನ್ಯ. ಕಾರ್ತಿಕದಲ್ಲಿ ಚೆನ್ನಾಗಿ ನಡೆದ ಚಮಚದ ಲೆಕ್ಕ ಚೈತ್ರದಲ್ಲಿ ಸಸಿಯನ್ನು ಕೊಂದಾಗ ಬೀಜದವನನ್ನೂ ಗೊಬ್ಬರದವನನ್ನೂ ಬೈದು ಪ್ರಯೋಜನವಿಲ್ಲ. ಆ ವೇಳೆಗೆ ನೀರು ಬದಲಾಗಿರುತ್ತದೆ.

ಇದಕ್ಕೆ ಉಪಾಯ ಮಳೆಯ ನೀರು. ಅದರ ಇ.ಸಿ. 0.1ನ್ನೂ ಮುಟ್ಟುವುದು ಅಪರೂಪ. ಅರ್ಧ ಬಾವಿಯ ನೀರು, ಅರ್ಧ ಮಳೆಯ ನೀರು ಬೆರೆಸಿದರೆ 0.9 ಇದ್ದದ್ದು 0.5ಕ್ಕೆ ಇಳಿಯುತ್ತದೆ. ಒಂದು ಎಕರೆಯ ಹಸಿರುಮನೆಯ ಮಾಡು ಸುಮಾರು 4000 ಚದರ ಮೀಟರು. ಅದರ ಮೇಲೆ ವರ್ಷಕ್ಕೆ 700 ಮಿಲಿಮೀಟರು ಮಳೆ ಬಿದ್ದರೆ 28 ಲಕ್ಷ ಲೀಟರು. ಎಲ್ಲವೂ ದಕ್ಕದು, ಆದರೆ ಅರ್ಧ ದಕ್ಕಿದರೂ ಸಸಿಗಳ ಪಾಲಿಗೆ ಅಮೃತ. ಕೃಷಿಹೊಂಡ ತೋಡಿ ಹಾಳೆ ಹಾಸಿದವರು ಆ ನೀರನ್ನು ದೊಡ್ಡ ಗಿಡಗಳಿಗೆ ಹರಿಸಿ ಮುಗಿಸದೆ, ಸಸಿಮನೆಗೆಂದು ಒಂದು ತೊಟ್ಟಿ ಮೀಸಲಿಡುವುದು ಜಾಣತನ.

ಈಗ ಗಿಡದ ವಯಸ್ಸಿನ ಮಾತು. ಇದೂ ಹೊಸ ಮಾತೇನಲ್ಲ. ಮಣ್ಣಿಲ್ಲದೆ ಬರಿಯ ಲವಣದ ನೀರಿನಲ್ಲಿ ಗಿಡ ಬೆಳೆಯಬಹುದೆಂದು ಜರ್ಮನಿಯಲ್ಲಿ ಸಾಕ್ಸ್ ಮತ್ತು ಕ್ನಾಪ್ 1860ರ ಸುಮಾರಿನಲ್ಲಿ ತೋರಿಸಿದರು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಹೋಗ್ಲೆಂಡ್ ಮತ್ತು ಆರ್ನನ್ 1938ರಲ್ಲಿ ಪ್ರಕಟಿಸಿದ ದ್ರಾವಣದ ಸೂತ್ರವನ್ನು ಇಂದಿಗೂ ಕಾಲೇಜಿನ ಪ್ರಯೋಗಶಾಲೆಗಳಲ್ಲಿ ಬಳಸುತ್ತಾರೆ. ಅದರ ಪೂರ್ಣ ಬಲ ಇ.ಸಿ. ಲೆಕ್ಕದಲ್ಲಿ ಎರಡರ ಆಸುಪಾಸು. ಎಳೆಯ ಗಿಡಗಳಿಗೆ ಅದನ್ನು ಕಾಲು ಬಲಕ್ಕೆ, ಅರ್ಧ ಬಲಕ್ಕೆ ತೆಳುಮಾಡಿ ಕೊಡುವುದು ಸಸ್ಯಶಾಸ್ತ್ರದ ವಿದ್ಯಾರ್ಥಿಗಳೆಲ್ಲ ಬಲ್ಲ ವಾಡಿಕೆ. ಹಾಲು ಕುಡಿಯುವ ಮಗುವಿಗೆ ಮುದ್ದೆ ನುಂಗಿಸುವುದಿಲ್ಲವಷ್ಟೆ.

ಟೊಮೆಟೊಗೆ ಬರೋಣ. ಬೀಜ ಮೊಳೆತು ಬೀಜದಳಗಳು ಬಿಚ್ಚಿಕೊಳ್ಳುವವರೆಗೆ ಗೊಬ್ಬರ ಬೇಡವೇ ಬೇಡ. ತಾಯಿ ಕಟ್ಟಿಕೊಟ್ಟ ಬುತ್ತಿ ಬೀಜದಲ್ಲಿಯೇ ಇದೆ. ತೆಳುನೀರು ಮಾತ್ರ ಸಾಕು. ಮೊದಲ ನಿಜವಾದ ಎಲೆ ಕಂಡಾಗ ಊಟ ಪ್ರಾರಂಭಿಸಿ, ನೀರಿನ ಉಪ್ಪೂ ಸೇರಿ ಒಟ್ಟು 0.8ರಿಂದ 1.0. ನಾಲ್ಕು ಎಲೆಯ ಹೊತ್ತಿಗೆ 1.2. ನಾಟಿಗೆ ನಾಲ್ಕೈದು ದಿನ ಮೊದಲು ನೀರನ್ನೂ ಊಟವನ್ನೂ ತುಸು ಹಿಡಿಯಬೇಕು. ಸೊಕ್ಕಿ ಬೆಳೆದ ಸಸಿ ಬಿಸಿಲಿಗೆ ನಿಲ್ಲದು. ನಾಟಿಯಾದ ಮೇಲೆ ಹೊಸ ಬೇರು ಹಿಡಿಯುವ ವಾರ ಹತ್ತು ದಿನ 1.2ನ್ನು ಮೀರಬೇಡಿ. ಇಲ್ಲಿ ಅವಸರಪಡುವವರೇ ಬಹಳ. ಗಿಡ ಮಂಕಾಗಿದೆ ಎಂದು ಗೊಬ್ಬರ ಏರಿಸುತ್ತಾರೆ. ಮಂಕಿಗೆ ಕಾರಣ ಹಸಿವಲ್ಲ, ಬೇರು ಇನ್ನೂ ಊರಿಲ್ಲ. ಗಿಡ ಹಬ್ಬಿ ಎಲೆ ಕಟ್ಟುವಾಗ 1.5ರಿಂದ 1.8. ಹೂ ಬಂದಾಗ 2.0ರ ಸುಮಾರು. ಕಾಯಿ ಕಟ್ಟಿ ದಪ್ಪವಾಗುವಾಗ 2.2ರಿಂದ 2.5, ಹಸಿರುಮನೆಯಲ್ಲಿ ನಾರಿನ ಪುಡಿಯಲ್ಲಿ ಬೆಳೆಸುವ ನುರಿತವರು 3.0ರವರೆಗೂ ಹೋಗುವುದುಂಟು. ಇವು ಕೈಗಾವಲಿನ ಎಲ್ಲೆಗಳು, ಶಾಸನವಲ್ಲ. ದಪ್ಪ ಮೆಣಸಿನಕಾಯಿಗೆ ಇನ್ನೂ ಸ್ವಲ್ಪ ಇಳಿಸಬೇಕು. ಹುರುಳಿಕಾಯಿ ಇದಕ್ಕಿಂತಲೂ ಸೂಕ್ಷ್ಮ.

ಆದರೆ ಅಂಕಿ ಸರಿಬಂದರೆ ಊಟ ಸರಿಬಂದಂತೆ ಎಂದು ತಿಳಿಯಬೇಡಿ. ಹಾಲಿನ ಡೈರಿಯಲ್ಲಿ ಲ್ಯಾಕ್ಟೋಮೀಟರ್ ಇಳಿಬಿಡುವುದನ್ನು ನೋಡಿದ್ದೀರಿ. ಅದು ಹಾಲು ಎಷ್ಟು ಗಟ್ಟಿ ಎಂದು ಹೇಳುತ್ತದೆ. ಆ ಗಟ್ಟಿತನ ಹಾಲಿನದೋ, ನೀರು ಬೆರೆಸಿದ್ದನ್ನು ಮರೆಮಾಡಲು ಹಾಕಿದ ಸಕ್ಕರೆಯದೋ ಅದಕ್ಕೆ ತಿಳಿಯದು. ಇ.ಸಿ. ಮೀಟರೂ ಹಾಗೆಯೇ. 2.0 ಎಂದರೆ ಅದು ಸಾರಜನಕವಿರಬಹುದು, ಪೊಟ್ಯಾಷ್ ಇರಬಹುದು, ಅಡುಗೆಯ ಉಪ್ಪೂ ಇರಬಹುದು. ಎಲೆ ಬೆಳೆಯುವ ಕಾಲದಲ್ಲಿ ಸಾರಜನಕದ ಪಾಲು ಮುಂದಿರಬೇಕು, ಕಾಯಿ ತುಂಬುವ ಕಾಲದಲ್ಲಿ ಪೊಟ್ಯಾಷ್ ಮುಂದೆ ಬರಬೇಕು. ನಾಟಿಯ ಹೊಸತರಲ್ಲಿ ರಂಜಕ ಹೆಚ್ಚಿರುವ 12:61:0, ಅನಂತರ 19:19:19, ಕಾಯಿಯ ಕಾಲಕ್ಕೆ 13:0:45 ಎಂದು ರೈತರು ಬದಲಾಯಿಸುವುದು ಈ ಕಾರಣಕ್ಕಾಗಿಯೇ. ಯಾವ ಗೊಬ್ಬರ ಎಂಬುದನ್ನು ಬೆಳೆಯ ಹಂತ ಹೇಳುತ್ತದೆ. ಎಷ್ಟು ಎಂಬುದನ್ನು ಮಾತ್ರ ಮೀಟರು ಹೇಳುತ್ತದೆ.

ಇದಕ್ಕಿಂತಲೂ ದೊಡ್ಡ ಕುರುಡುತನ ಒಂದಿದೆ. ಅದನ್ನು ನಿಧಾನವಾಗಿ ಹೇಳಬೇಕು, ಏಕೆಂದರೆ ನಮ್ಮಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ಗೊಬ್ಬರಕ್ಕೆ ಅದು ಸಂಬಂಧಿಸಿದ್ದು. ಒಂದು ಲೀಟರ್ ಭಟ್ಟಿ ನೀರಿಗೆ ಒಂದು ಗ್ರಾಂ ಕ್ಯಾಲ್ಸಿಯಂ ನೈಟ್ರೇಟ್ ಹಾಕಿದರೆ ಮೀಟರು ಸುಮಾರು 1.2 ತೋರಿಸುತ್ತದೆ. ಪೊಟ್ಯಾಷಿಯಂ ನೈಟ್ರೇಟ್ ಆದರೆ ಸುಮಾರು 1.3. ಮ್ಯೂರಿಯೇಟ್ ಆಫ್ ಪೊಟ್ಯಾಷ್, ಅಮೋನಿಯಂ ಸಲ್ಫೇಟ್ ಆದರೆ 1.9ರ ಹತ್ತಿರ. ಅದೇ ಒಂದು ಗ್ರಾಂ ಯೂರಿಯಾ ಹಾಕಿ ನೋಡಿ: ಸೊನ್ನೆ. ಹತ್ತು ಗ್ರಾಂ ಹಾಕಿದರೂ ಹೆಚ್ಚುಕಡಿಮೆ ಸೊನ್ನೆಯೇ. ಯೂರಿಯಾ ನೀರಿನಲ್ಲಿ ಸಕ್ಕರೆಯಂತೆ ಇಡಿಯಾಗಿ ಕರಗುತ್ತದೆ, ಕಣಗಳಾಗಿ ಒಡೆಯುವುದಿಲ್ಲ. ವಿದ್ಯುತ್ತು ಹರಿಯಲು ದಾರಿಯಿಲ್ಲ. ಮೀಟರು ಏನೂ ಇಲ್ಲವೆಂದು ಹೇಳುತ್ತದೆ. ಬೇರಿಗೆ ಮಾತ್ರ ಬೇಕಾದಷ್ಟಿದೆ. ಮಣ್ಣಿಗೆ ಬಿದ್ದ ಕೆಲವೇ ದಿನಗಳಲ್ಲಿ ಆ ಯೂರಿಯಾ ಅಮೋನಿಯಂ ಆಗಿ ಮಾರ್ಪಟ್ಟು ಉಪ್ಪಿನ ಸ್ವರೂಪ ತಾಳುತ್ತದೆ. ಆಗ ಒಮ್ಮೆಲೇ ಅಂಕಿ ಏರುತ್ತದೆ.

ಬರಿಯ ಯೂರಿಯಾ ಹಾಕುವವರು ಇದನ್ನು ಹೇಗೋ ಊಹಿಸಬಹುದು. 19:19:19ರಂಥ ಮಿಶ್ರ ಗೊಬ್ಬರದಲ್ಲಿ ಮೋಸ ಇನ್ನೂ ಸೂಕ್ಷ್ಮ. ಅದರ ಸಾರಜನಕದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಯೂರಿಯಾ ರೂಪದಲ್ಲಿ ಇರಬಹುದು. ಚೀಲದ ಮೇಲೆ ನೈಟ್ರೇಟ್ ರೂಪ ಇಷ್ಟು, ಅಮೋನಿಯಂ ರೂಪ ಇಷ್ಟು, ಯೂರಿಯಾ ರೂಪ ಇಷ್ಟು ಎಂದು ಸಣ್ಣ ಅಕ್ಷರದಲ್ಲಿ ಮುದ್ರಿಸಿರುತ್ತಾರೆ. ದಯವಿಟ್ಟು ಓದಿ. ಮೀಟರಿನಲ್ಲಿ 1.2 ಬರಲಿ ಎಂದು ಇಂಥ ಗೊಬ್ಬರವನ್ನು ಸುರಿಯುತ್ತ ಹೋದರೆ, ಮೀಟರು ಕಾಣದ ಯೂರಿಯಾವನ್ನೂ ಜೊತೆಗೆ ಸುರಿದಂತಾಯಿತು. ಸಸಿ ಕಡುಹಸಿರಾಗಿ ಉದ್ದಕ್ಕೆ ಏಳುತ್ತದೆ; ಕಾಂಡದಲ್ಲಿ ಕಸುವಿರುವುದಿಲ್ಲ. ಇಂಥ ಗೊಬ್ಬರವನ್ನು ಅಳೆಯಲು ಮೀಟರಿಗಿಂತ ತಕ್ಕಡಿಯೇ ವಾಸಿ.

ಗಂಜಲ, ಜೀವಾಮೃತಗಳಿಗೂ ಈ ಮಾತು ಸಲ್ಲುತ್ತದೆ. ಹೊಸ ಗಂಜಲದಲ್ಲಿ ಯೂರಿಯಾ ಇದೆ, ಅದರ ಜೊತೆಗೆ ಪೊಟ್ಯಾಷಿನ ಲವಣಗಳೂ ಇವೆ. ಕೂಡಿಟ್ಟಷ್ಟು ದಿನವೂ ಯೂರಿಯಾ ಅಮೋನಿಯಂ ಆಗುತ್ತ ಇ.ಸಿ. ಏರುತ್ತ ಹೋಗುತ್ತದೆ. ಒಂದಕ್ಕೆ ಹತ್ತು ಪಾಲು ನೀರು ಬೆರೆಸಬೇಕೆಂದು ಹಿರಿಯರು ಹೇಳಿದ್ದು ಅನುಭವದ ಮಾತು. ಆದರೆ ಟ್ರೇಯ ಸಸಿಗೆ ಆ ಹತ್ತೂ ಸಾಲದಿರಬಹುದು. ಬೆರೆಸಿದ ಮೇಲೆ ಅಳೆದು ನೋಡಿ, ಬೇಕಾದರೆ ಇನ್ನಷ್ಟು ತೆಳುಮಾಡಿ.

ರಸಾವರಿಯಲ್ಲಿ ಅಳೆಯುವ ಸ್ಥಳವೂ ಮುಖ್ಯ. ಗೊಬ್ಬರ ಕರಗಿಸಿದ ತೊಟ್ಟಿಯಲ್ಲಿ ಮೀಟರು ಅದ್ದಿದರೆ ಅದರ ಅಳತೆಯ ಮಿತಿಯೇ ಮೀರಿಹೋಗುತ್ತದೆ. ಅಳೆಯಬೇಕಾದದ್ದು ಸಾಲಿನ ಕೊನೆಯ ತೂತಿನಿಂದ ತೊಟ್ಟಿಕ್ಕುವ ನೀರನ್ನು. ಗೊಬ್ಬರ ಬಿಟ್ಟ ಸ್ವಲ್ಪ ಹೊತ್ತಿನ ಮೇಲೆ ಅಲ್ಲಿ ಒಂದು ಲೋಟ ಹಿಡಿದು ಅಳೆಯಿರಿ. ಮೊದಲ ತೂತಿನಲ್ಲಿ 2.0, ಕೊನೆಯದರಲ್ಲಿ 1.3 ಎಂದು ಬಂದರೆ ತಪ್ಪು ಗೊಬ್ಬರದ್ದಲ್ಲ, ಗೊಬ್ಬರ ಕೊನೆಯ ತನಕ ತಲುಪುವ ಮೊದಲೇ ನೀವು ಪಂಪು ನಿಲ್ಲಿಸುತ್ತಿದ್ದೀರಿ ಎಂದರ್ಥ. ಕ್ಯಾಲ್ಸಿಯಂ ನೈಟ್ರೇಟನ್ನು ರಂಜಕದ ಗೊಬ್ಬರದೊಂದಿಗಾಗಲಿ ಸಲ್ಫೇಟಿನೊಂದಿಗಾಗಲಿ ಒಂದೇ ತೊಟ್ಟಿಯಲ್ಲಿ ಗಟ್ಟಿಯಾಗಿ ಕರಗಿಸಬಾರದು ಎಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಎರಡೂ ಕೂಡಿ ಸುಣ್ಣದಂತೆ ತಳಕ್ಕೆ ಕೂರುತ್ತವೆ. ಹನಿ ತೂತುಗಳು ಕಟ್ಟುವುದಲ್ಲದೆ, ತಳಕ್ಕೆ ಕೂತದ್ದು ಗಿಡಕ್ಕೆ ದೊರೆಯುವುದೂ ಇಲ್ಲ. ಹಾಕಿದ ಗೊಬ್ಬರಕ್ಕೆ ತಕ್ಕಷ್ಟು ಇ.ಸಿ. ಏರದಿದ್ದಾಗ ತೊಟ್ಟಿಯ ತಳವನ್ನೊಮ್ಮೆ ಕೈಯಾಡಿಸಿ ನೋಡಿ.

ಕೊಟ್ಟ ನೀರನ್ನು ಅಳೆದಂತೆ ಬಸಿದ ನೀರನ್ನೂ ಅಳೆಯುವುದು ಒಳ್ಳೆಯ ಅಭ್ಯಾಸ. ಕುಂಡದ ಅಥವಾ ನಾರಿನ ಚೀಲದ ಅಡಿಯಿಂದ ಬಸಿಯುವ ನೀರನ್ನು ಬಟ್ಟಲಿನಲ್ಲಿ ಹಿಡಿಯಿರಿ. ಕೊಟ್ಟದ್ದು 2.0, ಬಸಿದದ್ದು 1.6 ಎಂದರೆ ಗಿಡಕ್ಕೆ ಹಸಿವಿದೆ, ಬಲವನ್ನು ತುಸು ಏರಿಸಬಹುದು. ಬಸಿದದ್ದು 3.0 ದಾಟಿದರೆ ಗಿಡ ನೀರನ್ನು ಕುಡಿದು ಉಪ್ಪನ್ನು ಬಿಟ್ಟಿದೆ. ಆ ಉಪ್ಪು ಬೇರಿನ ಸುತ್ತ ಕೂಡುತ್ತಿದೆ. ಮಾರ್ಚಿ ಏಪ್ರಿಲಿನ ಬಿಸಿಲಿನಲ್ಲಿ ಹೀಗಾಗುವುದು ಸಹಜ. ಬಿಸಿಲು ಏರಿದಾಗ ಗಿಡಕ್ಕೆ ಬೇಕಾದದ್ದು ನೀರು, ಊಟವಲ್ಲ. ಆಗ ಬಲವನ್ನು ಇಳಿಸಿ ನೀರಿನ ಸರದಿಯನ್ನು ಹೆಚ್ಚಿಸಬೇಕು. ಮೋಡ ಕವಿದ ಚಳಿಯ ದಿನಗಳಲ್ಲಿ ಇದಕ್ಕೆ ವಿರುದ್ಧ. ಹಾಲೆಂಡಿನ ಗಾಜಿನಮನೆಯ ಬೆಳೆಗಾರರು ಚಳಿಗಾಲದಲ್ಲಿ ಟೊಮೆಟೊಗೆ ಬೇಕೆಂದೇ ಬಲ ಏರಿಸುತ್ತಾರೆ. ಹಣ್ಣು ಗಾತ್ರದಲ್ಲಿ ಸಣ್ಣದಾದರೂ ರುಚಿಯಲ್ಲಿ ಮಿಗಿಲಾಗುತ್ತದೆ. ಆ ಪಾಠವನ್ನು ನಮ್ಮ ಬೇಸಗೆಗೆ ತಂದರೆ ಕಾಯಿಯ ತುದಿ ಕಪ್ಪಾಗಿ ಕೊಳೆಯುತ್ತದೆ. ಅದು ರೋಗವಲ್ಲ. ಉಪ್ಪಿನ ಎಳೆತದಲ್ಲಿ ನೀರು ಸಾಲದೆ, ನೀರಿನೊಂದಿಗೆ ಹೋಗಬೇಕಾದ ಕ್ಯಾಲ್ಸಿಯಂ ಕಾಯಿಯ ತುದಿಗೆ ಮುಟ್ಟಲಿಲ್ಲ. ಅದಕ್ಕೆ ಔಷಧಿ ಹೊಡೆಯುವವರನ್ನು ಕಂಡಾಗ ವ್ಯಸನವಾಗುತ್ತದೆ.

ನಾರಿನ ಪುಡಿಯಲ್ಲಿಯೂ ಮೊದಲೇ ಉಪ್ಪಿರುತ್ತದೆ. ಕರಾವಳಿಯ ಹಿನ್ನೀರಿನಲ್ಲಿ ನೆನೆದ ನಾರಿನದಾದರೆ ಸೋಡಿಯಂ ಹೆಚ್ಚು. ತಿಪಟೂರಿನ ಕಡೆಯ ಒಳನಾಡಿನ ಪುಡಿಯಲ್ಲಿಯೂ ತೆಂಗಿನ ಸ್ವಂತದ ಪೊಟ್ಯಾಷು, ಕ್ಲೋರೈಡು ಇದ್ದೇ ಇರುತ್ತವೆ. ಟ್ರೇಗೆ ತುಂಬುವ ಮೊದಲು ಹಿಂಡಿದ ನೀರು 0.5ಕ್ಕೆ ಇಳಿಯುವವರೆಗೆ ತೊಳೆಯಬೇಕು. ಕೊಳ್ಳುವಾಗ ಒಂದು ಹಿಡಿಯನ್ನು ಅದರ ಎರಡರಷ್ಟು ಮಳೆಯ ನೀರಿನಲ್ಲಿ ನೆನೆಸಿ, ಹಿಂಡಿ, ವ್ಯಾಪಾರಿಯ ಎದುರಿಗೇ ಅಳೆಯಿರಿ. ಅವರು ಬೇಸರಪಟ್ಟುಕೊಂಡರೂ ಚಿಂತೆಯಿಲ್ಲ.

ಬಯಲಿನಲ್ಲಿ ಮಣ್ಣಿನಲ್ಲೇ ಬೆಳೆಯುವವರಿಗೆ ಇನ್ನೊಂದು ಮಾತು. 2015ರಲ್ಲಿ ಪ್ರಾರಂಭವಾದ ಮಣ್ಣು ಆರೋಗ್ಯ ಚೀಟಿಯಲ್ಲಿ ಸಾರಜನಕ, ರಂಜಕಗಳ ಜೊತೆಗೆ ಇ.ಸಿ.ಯನ್ನೂ ಮುದ್ರಿಸುತ್ತಾರೆ. ಅದರ ಮೇಲೆ ಕಣ್ಣು ಬೀಳುವುದೇ ಕಡಿಮೆ. ಅದು 1.0ರ ಒಳಗಿದ್ದರೆ ಸಾಮಾನ್ಯವಾಗಿ ಭಯವಿಲ್ಲ. ಆದರೆ ಆ ಅಂಕಿ ಒಂದು ಪಾಲು ಮಣ್ಣಿಗೆ ಎರಡು-ಎರಡೂವರೆ ಪಾಲು ನೀರು ಕಲಸಿ ಅಳೆದದ್ದು. ಬೇರಿನ ಸುತ್ತ ಅಷ್ಟು ನೀರಿರುವುದಿಲ್ಲ. ಅಲ್ಲಿಯ ನಿಜವಾದ ಬಲ ಅದರ ಕೆಲವು ಪಟ್ಟು ಹೆಚ್ಚು. ಅಮೆರಿಕದ ಮಾಸ್ ಮತ್ತು ಹಾಫ್‌ಮನ್ 1977ರಲ್ಲಿ ಪ್ರಕಟಿಸಿದ ಲೆಕ್ಕ ಮಣ್ಣನ್ನು ಬರಿಯ ಕೆಸರಿನಷ್ಟು ನೆನೆಸಿ ತೆಗೆದ ನೀರಿನದು. ಆ ಪ್ರಕಾರ ಟೊಮೆಟೊ 2.5ರವರೆಗೆ ತಾಳುತ್ತದೆ, ಅಲ್ಲಿಂದ ಮೇಲೆ ಒಂದೊಂದು ಮಾನ ಏರಿದರೂ ಇಳುವರಿ ಸುಮಾರು ನೂರಕ್ಕೆ ಹತ್ತರಷ್ಟು ಇಳಿಯುತ್ತದೆ. ಮೆಣಸಿನಕಾಯಿಗೆ ತಾಳ್ಮೆ 1.5ಕ್ಕೇ ಮುಗಿಯುತ್ತದೆ, ಇಳಿಕೆ ನೂರಕ್ಕೆ 14. ಹುರುಳಿಕಾಯಿಗೆ 1.0, ಇಳಿಕೆ 19. ಚೀಟಿಯ ಅಂಕಿಯನ್ನು ಈ ಅಂಕಿಗಳ ಪಕ್ಕದಲ್ಲಿ ನೇರವಾಗಿ ಇಟ್ಟು ನೆಮ್ಮದಿಪಡಬಾರದು.

ಕೊನೆಗೆ ಮೀಟರಿನ ಯೋಗಕ್ಷೇಮ. ನೀರು ಬಿಸಿಯಾದಂತೆ ವಾಹಕತೆ ಒಂದೊಂದು ಡಿಗ್ರಿಗೆ ನೂರಕ್ಕೆ ಎರಡರಷ್ಟು ಏರುತ್ತದೆ. ಆದುದರಿಂದ ಅಂಕಿಯನ್ನು 25 ಡಿಗ್ರಿ ಸೆಲ್ಸಿಯಸ್‌ಗೆ ತಾನೇ ಹೊಂದಿಸಿಕೊಳ್ಳುವ ಮೀಟರನ್ನು ಕೊಳ್ಳಬೇಕು. ಬಳಸಿದ ಮೇಲೆ ತುದಿಯನ್ನು ಮಳೆಯ ನೀರಿನಲ್ಲಿ ತೊಳೆದು ಮುಚ್ಚಬೇಕು. ಒಣಗಿದ ಗೊಬ್ಬರದ ಪೊರೆ ಅಂಕಿಯನ್ನು ಕೆಡಿಸುತ್ತದೆ. ತಿಂಗಳಿಗೊಮ್ಮೆ ಪರೀಕ್ಷಿಸಬೇಕು. ಇದಕ್ಕೆಂದು ಮಾರುವ ದ್ರಾವಣದ ಬೆಲೆ 25 ಡಿಗ್ರಿಯಲ್ಲಿ 1.413, ಅಷ್ಟು ತೋರದಿದ್ದರೆ ಮೀಟರನ್ನು ಸರಿಹೊಂದಿಸಿಕೊಳ್ಳಬೇಕು. ಹತ್ತಿರದ ಕಾಲೇಜಿನ ರಸಾಯನಶಾಸ್ತ್ರದ ಮೇಷ್ಟರನ್ನು ಕೇಳಿದರೆ, ಒಂದು ಲೀಟರಿಗೆ 0.745 ಗ್ರಾಂ ಶುದ್ಧ ಪೊಟ್ಯಾಷಿಯಂ ಕ್ಲೋರೈಡ್ ಬರುವಂತೆ ಭಟ್ಟಿ ನೀರಿನಲ್ಲಿ ಕರಗಿಸಿ ಅವರೇ ಮಾಡಿಕೊಟ್ಟಾರು. ಊರಿನ ನಾಲ್ಕಾರು ಜನ ರೈತರಿಗೆ ಅದೊಂದೇ ಬಾಟಲಿ ಸಾಕು. ಪಂಪ್‌ಮನೆಯ ಗೋಡೆಯ ಮೇಲೆ ಕರೆಂಟು ಬರುವ ವೇಳೆ ಬರೆದಿಟ್ಟಿರುತ್ತೀರಲ್ಲ, ಅದರ ಪಕ್ಕದಲ್ಲೇ ಬಾವಿಯ ನೀರಿನ ಅಂಕಿ, ಕೊನೆಯ ತೂತಿನ ಅಂಕಿ, ಬಸಿದ ನೀರಿನ ಅಂಕಿ ಎಂದು ಮೂರು ಸಾಲು ಎಳೆದು, ವಾರಕ್ಕೊಮ್ಮೆ ತಾರೀಖು ಹಾಕಿ ತುಂಬುತ್ತ ಬನ್ನಿ.